ಅಲಾರಾಂ ಬಾಯಿ ಕಟ್ಟಿದ್ದು ನಾನೇ

ಅದು ನನ್ನ ಅಪ್ರೆಂಟಿಸ್‌ಶಿಪ್‌ನ ಎರಡನೇ ತಿಂಗಳು. ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹೊಲದ ನೀರಾವರಿಗೆ ಪಿವಿಸಿ ಪೈಪ್ ಮಾಡುವ ಒಂದು ಕಾರ್ಖಾನೆ. ಹೆಸರು ಇಲ್ಲಿ ಬೇಡ. ಬೆಳಿಗ್ಗೆ ಆರರ ಪಾಳಿಗೆ ಯಂತ್ರ ಚಾಲೂ ಮಾಡಿದ ಕೂಡಲೇ ಪ್ಯಾನಲ್ ಮೇಲಿನ ಹೂಟರ್ ಕಿವಿ ಕಿತ್ತುಹೋಗುವಂತೆ ಅರಚಲು ಶುರುಮಾಡುತ್ತಿತ್ತು. ಯಂತ್ರ ಕಾಯಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು, ಅಷ್ಟೂ ಹೊತ್ತು ಅದೇ ಅರಚಾಟ. ಯಾರೋ ಅದರ ಬಾಯಿಗೆ ಕಾಟನ್ ವೇಸ್ಟ್ ತುರುಕಿ ಮೇಲೆ ಟೇಪ್ ಸುತ್ತಿದ್ದರು. ಆದರೂ ಕೇಳುತ್ತಿತ್ತು. ಒಂದು ದಿನ ಶಿಫ್ಟ್ ಎಂಜಿನಿಯರ್ ಬಂದು, “ಏ ಡಿಪ್ಲೊಮಾ, ಆ ಅಲಾರಾಂ ಹತ್ತಕ್ಕ ಐತಲ್ಲ, ಅದನ್ನ ಅರವತ್ತು ಮಾಡಿಬಿಡು. ತಲಿ ನೋವು ಬಂದೈತಿ” ಅಂದರು.

ಮಾಡಿದೆ. ಬಟನ್ ಒತ್ತಿ ಹಿಡಿದು ಸೆಟ್ಟಿಂಗ್ ಒಳಗೆ ಹೋಗಿ, ಆರೂ ಟೆಂಪರೇಚರ್ ಕಂಟ್ರೋಲರ್‌ಗಳಲ್ಲಿ 10 ಇದ್ದದ್ದನ್ನು 60 ಮಾಡಿದೆ. ಐದು ನಿಮಿಷದ ಕೆಲಸ. ಬೆಳಗಿನ ಅರಚಾಟ ಅರ್ಧಕ್ಕೆ ಇಳಿಯಿತು, ಹಗಲಿನದು ಪೂರ್ತಿ ನಿಂತೇಹೋಯಿತು. ಯಂತ್ರದ ಹಿರಿಯ ಆಪರೇಟರ್, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರು. “ಹುಡುಗ ಶಾಣ್ಯಾ ಅದಾನ” ಅಂತ ಎಲ್ಲರ ಮುಂದೆ ಹೇಳಿದರು. ರಾತ್ರಿ ಚಿಗಳ್ಳಿಗೆ ಫೋನ್ ಮಾಡಿ ಅವ್ವನಿಗೂ ಹೇಳಿಕೊಂಡೆ.

ಹದಿನೆಂಟು ದಿನ ಕಳೆದ ಮೇಲೆ ಅದೇ ಕಾಕಾ ಕೆಮ್ಮುತ್ತ, ಕಣ್ಣು ಉಜ್ಜಿಕೊಳ್ಳುತ್ತ ಆಟೊದಲ್ಲಿ ಆಸ್ಪತ್ರೆಗೆ ಹೋದರು.

ಕಾರ್ಖಾನೆಯ ಒಳಗೆ ಕಾಲಿಡದವರಿಗೆ ಆ ಯಂತ್ರದ ಬಗ್ಗೆ ಎರಡು ಮಾತು. ಪಿವಿಸಿ ಪುಡಿ ಒಂದು ಉದ್ದನೆಯ ಕಬ್ಬಿಣದ ಕೊಳವೆಯೊಳಗೆ ಬೀಳುತ್ತದೆ. ಇದಕ್ಕೆ ಬ್ಯಾರಲ್ ಅನ್ನುತ್ತಾರೆ. ಒಳಗೆ ಸ್ಕ್ರೂ ತಿರುಗಿ ಪುಡಿಯನ್ನು ಮುಂದಕ್ಕೆ ತಳ್ಳುತ್ತದೆ, ಹೊರಗೆ ಸುತ್ತಿದ ಹೀಟರ್ ಪಟ್ಟಿಗಳು ಅದನ್ನು ಕಾಯಿಸುತ್ತವೆ. ಬ್ಯಾರಲ್‌ನ ಒಂದೊಂದು ಭಾಗಕ್ಕೂ ಒಂದೊಂದು ಕಂಟ್ರೋಲರ್, ಒಂದೊಂದು ಥರ್ಮೊಕಪಲ್. ಸುಮಾರು 160ರಿಂದ 190 ಡಿಗ್ರಿಯೊಳಗೆ ಇಡಬೇಕು. ಕಡಿಮೆಯಾದರೆ ಪೈಪ್ ಮೆದುವಾಗಿ ಕೂಡಿಕೊಳ್ಳದೆ ಒಡಕಲಾಗುತ್ತದೆ. 200 ದಾಟಿ ಹೆಚ್ಚು ಹೊತ್ತು ನಿಂತರೆ ಪಿವಿಸಿ ಕಂದಾಗಿ, ಆಮೇಲೆ ಕಪ್ಪಾಗಿ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅದು ಕಣ್ಣಿನ, ಗಂಟಲಿನ ಹಸಿಗೆ ತಗುಲಿದರೆ ಆಮ್ಲ.

ಆ ದಿನ ಮೂರನೇ ಭಾಗದ ಥರ್ಮೊಕಪಲ್ ಗುಣಿಯಿಂದ ಅರ್ಧ ಜಾರಿ ಹೊರಬಂದಿತ್ತು. ಯಂತ್ರದ ಅದುರಿಗೆ ಕ್ಯಾಪ್ ಸಡಿಲಾಗುವುದು ಮಾಮೂಲು. ಸೆಟ್ ಮಾಡಿದ್ದು 180. ಜಾರಿದ ಥರ್ಮೊಕಪಲ್ ತೋರಿಸಿದ್ದು 140ರ ಸುಮಾರು. ಕಂಟ್ರೋಲರ್ ಪಾಪ, ತನಗೆ ಕಂಡದ್ದನ್ನು ನಂಬಿ ಹೀಟರ್‌ಗೆ ಪೂರ್ತಿ ಕರೆಂಟ್ ಕೊಡುತ್ತಲೇ ಇತ್ತು. ಒಳಗಿನ ನಿಜವಾದ ಬಿಸಿ ಏರುತ್ತಲೇ ಇತ್ತು. 180ಕ್ಕೂ 140ಕ್ಕೂ ಅಂತರ 40. ಹಳೆಯ 10ರ ಮಿತಿ ಇದ್ದಿದ್ದರೆ ಹೂಟರ್ ಕೂಗುತ್ತಿತ್ತು. ನಾನು ಕೂರಿಸಿದ್ದ 60ರ ಮಿತಿಗೆ ಅದು ಕೂಗುವ ವಿಷಯವೇ ಆಗಿರಲಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. 140 ತೋರಿಸುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹೀಟರ್ ಸುಟ್ಟಿರಬೇಕು ಅಂದುಕೊಂಡು ಹೊಸ ಹೀಟರ್ ಹುಡುಕಲು ಸ್ಟೋರಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಡೈ ಬಾಯಿಂದ ಕಪ್ಪು ಗೆರೆ ಬಿದ್ದ ಪೈಪ್, ಅದರ ಹಿಂದೆಯೇ ಮೂಗಿಗೆ ಕುಕ್ಕುವ ಹೊಗೆ. ಯಂತ್ರ ನಿಲ್ಲಿಸಲು ಹತ್ತಿರ ಓಡಿದ್ದು ಕಾಕಾ. ಎರಡು ದಿನ ಸ್ಕ್ರೂ ಎಳೆದು ಕೆರೆದು ಸ್ವಚ್ಛ ಮಾಡಿದೆವು. ಗುತ್ತಿಗೆ ನೌಕರರಾದ ಕಾಕಾಗೆ ಮೂರು ದಿನದ ಪಗಾರ ಹೋಯಿತು. ಲಾಗ್ ಪುಸ್ತಕದಲ್ಲಿ ‘ಥರ್ಮೊಕಪಲ್ ಸಡಿಲ’ ಅಂತ ಬರೆದರು. ಸುಳ್ಳಲ್ಲ. ಆದರೆ ಅರವತ್ತರ ಮಾತು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈಗ ಬರೆಯುತ್ತಿರುವುದು ಮನಸ್ಸು ಹಗುರ ಮಾಡಿಕೊಳ್ಳಲು ಮಾತ್ರ ಅಲ್ಲ. ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿ ಕಾರ್ಖಾನೆಗೆ ಕಾಲಿಡುವ ನಮ್ಮಂಥವರ ಕೈಗೆ ಮೊದಲ ವಾರದಲ್ಲೇ ಈ ಪುಟ್ಟ ಪೆಟ್ಟಿಗೆ ಬರುತ್ತದೆ. ಬಟನ್ ಒತ್ತಲು ಕಲಿತವನನ್ನು ಶಾಣ್ಯಾ ಅನ್ನುತ್ತಾರೆ. ಆ ಬಟನ್ ಒತ್ತುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಟ್ಯೂನಿಂಗ್. ಇನ್ನೊಂದು ಅಲಾರಾಂ ಕೂರಿಸುವುದು. ನಮಗೆ ಓದಿಸುವುದು ಮೊದಲನೆಯದನ್ನು. ಈಗ ಯಂತ್ರ ತಾನೇ ಮಾಡಿಕೊಳ್ಳುವುದೂ ಮೊದಲನೆಯದನ್ನೇ. ಮನುಷ್ಯನೇ ಕೂತು ಯೋಚಿಸಬೇಕಾದ ಎರಡನೆಯದನ್ನು ಯಾರೂ ಓದಿಸುವುದಿಲ್ಲ ಅನ್ನುವುದು ನನ್ನ ತಕರಾರು.

ಟ್ಯೂನಿಂಗ್ ಎಂದರೆ ಏನು ಅಂತ ನನಗೆ ಅರ್ಥವಾದದ್ದು ತರಗತಿಯಲ್ಲಿ ಅಲ್ಲ, ಊರಲ್ಲಿ. ನಮ್ಮ ದೊಡ್ಡಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಕೊಪ್ಪರಿಗೆಯ ಹಾಲು ತಣ್ಣಗಿದ್ದಷ್ಟೂ ಒಲೆಗೆ ಹೆಚ್ಚು ಸಿಪ್ಪೆ, ಪಾಕಕ್ಕೆ ಹತ್ತಿರ ಬಂದಂತೆ ಕಡಿಮೆ. ಪಿಐಡಿಯಲ್ಲಿ ‘ಪಿ’ ಅನ್ನುವುದು ಇಷ್ಟೇ. ಗಾಳಿ ಬೀಸುವ ದಿನ ಎಷ್ಟು ಹೊತ್ತಾದರೂ ಕುದಿ ಏರದೆ ಅಲ್ಲೇ ನಿಂತರೆ, ಕೊರತೆ ಎಷ್ಟು ಹೊತ್ತಿನಿಂದ ಇದೆ ಅಂತ ಲೆಕ್ಕ ಹಾಕಿ ಇನ್ನೊಂದು ಹೊರೆ ತಳ್ಳುತ್ತಿದ್ದರು. ಅದು ‘ಐ’. ಇನ್ನು ‘ಡಿ’ಯಂತೂ ಅವರ ಪ್ರಾಣ. ಪಾಕ ಬರುವುದು ಸುಮಾರು 118 ಡಿಗ್ರಿಗೆ. ಆದರೆ ಅದು ಬರುವ ಮೊದಲೇ ಏರುವ ವೇಗ ನೋಡಿ ಒಲೆಯ ಬೆಂಕಿ ಎಳೆದುಬಿಡುತ್ತಿದ್ದರು. ಕೊಪ್ಪರಿಗೆಯ ತಳದಲ್ಲಿ ಉಳಿದ ಕಾವೇ ಮಿಕ್ಕ ಕೆಲಸ ಮಾಡುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಎಳೆಯಲು ತಡವಾದರೆ ಬೆಲ್ಲ ಕಪ್ಪು.

ಇದನ್ನು ಲೆಕ್ಕಕ್ಕೆ ಇಳಿಸಿದವರು ಜೀಗ್ಲರ್ ಮತ್ತು ನಿಕೋಲ್ಸ್, 1942ರಲ್ಲಿ. ಅವರ ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು ನಾವು. 1984ರಲ್ಲಿ ಸ್ವೀಡನ್ನಿನ ಆಸ್ಟ್ರೋಮ್ ಮತ್ತು ಹೆಗ್‌ಲುಂಡ್ ಒಂದು ಸುಲಭ ದಾರಿ ತೋರಿಸಿದರು: ಹೀಟರನ್ನು ಪೂರ್ತಿ ಹಾಕಿ, ಪೂರ್ತಿ ತೆಗೆದು ತಾಪಮಾನವನ್ನು ಬೇಕೆಂದೇ ಉಯ್ಯಾಲೆ ಆಡಿಸುವುದು, ಆ ಉಯ್ಯಾಲೆಯ ಎತ್ತರ ಮತ್ತು ಅದಕ್ಕೆ ಹಿಡಿದ ಹೊತ್ತಿನಿಂದ ಅಂಕಿಗಳನ್ನು ಲೆಕ್ಕ ಹಾಕುವುದು. ಇವತ್ತು ಕಂಟ್ರೋಲರ್‌ನ ‘ಆಟೊ ಟ್ಯೂನ್’ ಬಟನ್ ಒತ್ತಿದಾಗ ಒಳಗೆ ನಡೆಯುವುದು ಬಹುಮಟ್ಟಿಗೆ ಇದೇ.

ಹಾಗಂತ ಅದೂ ಕಣ್ಣು ಮುಚ್ಚಿ ಒತ್ತುವ ಬಟನ್ ಅಲ್ಲ. ಉಯ್ಯಾಲೆ ಎಂದರೆ ಬೇಕಾದ್ದಕ್ಕಿಂತ ಮೇಲೂ ಹೋಗುತ್ತದೆ. ಬ್ಯಾರಲ್‌ನಲ್ಲಿ ಪಿವಿಸಿ ನಿಂತಿರುವಾಗ ಹಾಗೆ ಮೇಲೆ ಹೋಗಲು ಬಿಡುವುದು ಬುದ್ಧಿವಂತಿಕೆ ಅಲ್ಲ. ಸೆಟ್ ಅಂಕಿಯನ್ನು ಕೆಲವು ಡಿಗ್ರಿ ಇಳಿಸಿಕೊಂಡು ಮಾಡಬೇಕು. ಖಾಲಿ ಬ್ಯಾರಲ್ ಮೇಲೆ ಮಾಡಿದ ಟ್ಯೂನಿಂಗ್, ಸ್ಕ್ರೂ ತಿರುಗಿ ತಿಕ್ಕಾಟದಿಂದಲೇ ಬಿಸಿ ಹುಟ್ಟುವ ಹೊತ್ತಿಗೆ ಸರಿಹೊಂದದೆಯೂ ಹೋಗಬಹುದು. ಥರ್ಮೊಕಪಲ್ ಯಾವ ಜಾತಿಯದು ಅಂತ ಸೆಟ್ಟಿಂಗ್‌ನಲ್ಲಿ ನೋಡದೆ ಟ್ಯೂನ್ ಮಾಡುವವರನ್ನೂ ಕಂಡಿದ್ದೇನೆ. ಜೆ ಜಾತಿಯ ತಂತಿ ಹಾಕಿ, ಕೆ ಅಂತ ಸೆಟ್ ಮಾಡಿದರೆ ನಿಜಕ್ಕೂ 180 ಇರುವುದು 230ರ ಸುಮಾರು ಅಂತ ಕಾಣುತ್ತದೆ. ಅದಲುಬದಲಾದರೆ ಇನ್ನೂ ಅಪಾಯ. ಕಡಿಮೆ ತೋರಿಸುತ್ತ ತೋರಿಸುತ್ತ ಸುಟ್ಟುಬಿಡುತ್ತದೆ. ಇಷ್ಟೆಲ್ಲ ಇದ್ದರೂ, ಟ್ಯೂನಿಂಗ್ ತಪ್ಪಿದರೆ ಅಂಕಿ ಮೇಲೆ ಕೆಳಗೆ ಓಲಾಡುವುದು ಕಣ್ಣಿಗೆ ಕಾಣುತ್ತದೆ. ಅಲಾರಾಂ ತಪ್ಪಿದರೆ ಏನೂ ಕಾಣುವುದಿಲ್ಲ. ಎಲ್ಲ ಶಾಂತವಾಗಿರುತ್ತದೆ. ಅದೇ ಅದರ ಕೆಟ್ಟತನ.

ಆಟೊ ಟ್ಯೂನ್ ಅಲಾರಾಂ ಅಂಕಿಯನ್ನು ಮುಟ್ಟುವುದಿಲ್ಲ. ಮುಟ್ಟಲು ಅದಕ್ಕೆ ಸಾಧ್ಯವೂ ಇಲ್ಲ. ಪಿವಿಸಿ ಮೇಲಕ್ಕೆ ಹೋದರೆ ಅಪಾಯ, ಹಾಲು ಕೆಳಕ್ಕೆ ಇಳಿದರೆ ಅಪಾಯ ಅನ್ನುವುದು ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಬೇಕು. ಅದಕ್ಕಿಂತ ಇಳಿದರೆ ಒಂದು ವಾಲ್ವ್ ತಾನೇ ತಿರುಗಿ ಆ ಹಾಲನ್ನು ಮುಂದೆ ಬಿಡದೆ ಹಿಂದಕ್ಕೆ ಕಳಿಸುತ್ತದೆ. ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ: ಯಾವ ಕಡೆ ತಪ್ಪಿದರೆ ಯಾರಿಗೆ ತೊಂದರೆ, ಆಗ ಏನು ಆಗಬೇಕು, ಅದಕ್ಕೆ ಎಷ್ಟು ಹೊತ್ತು ಸಿಗುತ್ತದೆ. ಅಲಾರಾಂ ಅಂಕಿ ಎಂದರೆ ಈ ಪ್ರಶ್ನೆಗಳ ಉತ್ತರ. ನನ್ನ 60 ಯಾವ ಪ್ರಶ್ನೆಯ ಉತ್ತರವಾಗಿತ್ತು? ತಲೆನೋವಿನದು. ಮೇಲ್ಗಡೆ ಅದು ಕೂಗುತ್ತಿದ್ದದ್ದು 240ಕ್ಕೆ. ಅಷ್ಟರಲ್ಲಿ ಸುಡುವುದೆಲ್ಲ ಸುಟ್ಟಿರುತ್ತದೆ.

2019ರ ಆಗಸ್ಟ್ ಮಳೆಯಲ್ಲಿ ನಮ್ಮೂರ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ಗದ್ದೆಗಳಿಗೆ ನೀರು ನುಗ್ಗಿತು. ಆಗ ನಾನು ಹೈಸ್ಕೂಲ್ ಹುಡುಗ. ಒಡೆದ ಮೇಲೆ ಊರಿಗೆಲ್ಲ ಗೊತ್ತಾಗುವುದು ಎಚ್ಚರಿಕೆ ಅಲ್ಲ, ಸುದ್ದಿ ಅನ್ನುವುದು ನೀರಲ್ಲಿ ನಿಂತ ಬತ್ತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ನೋಡಿ ಬೆಳೆದ ನಾನೇ 240ರಲ್ಲಿ ಅಲಾರಾಂ ಕೂರಿಸಿ ಬಂದಿದ್ದೆ.

ಹಾಗಾದರೆ ಆಪರೇಟರ್‌ಗಳು ತಪ್ಪಿತಸ್ಥರೇ? ಅಲ್ಲ ಅನ್ನುತ್ತೇನೆ ನಾನು. ದಿನಕ್ಕೆ ನಲವತ್ತು ಸಲ ಸುಳ್ಳು ಹೇಳುವವನ ಮಾತು ಯಾರು ಕೇಳುತ್ತಾರೆ? ತಣ್ಣಗಿರುವ ಯಂತ್ರ ತಣ್ಣಗಿದೆ ಅಂತ ಬೆಳಿಗ್ಗೆ ಒಂದು ಗಂಟೆ ಕೂಗುವ ಹೂಟರ್‌ಗೆ ಬಟ್ಟೆ ತುರುಕಿದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು, ಮಿತಿ ಏರಿಸುವುದೊಂದೇ ದಾರಿ ಅಂದುಕೊಂಡ ನಮ್ಮ ಅರೆಬರೆ ಓದಿನ ಮೇಲೆ. ಕಂಟ್ರೋಲರ್‌ನ ಕೈಪಿಡಿ ಪ್ಯಾನಲ್ ಬಾಗಿಲ ಹಿಂದಿನ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಅಪಘಾತವಾದ ಮೇಲೆ ರಾತ್ರಿ ಪಾಳಿಯಲ್ಲಿ ಕೂತು ಓದಿದೆ. ಮೊದಲೇ ಓದಬೇಕಿತ್ತು.

ಅದರಲ್ಲಿ ‘ಸ್ಟ್ಯಾಂಡ್‌ಬೈ’ ಅನ್ನುವ ಒಂದು ಸೌಲಭ್ಯ ಇತ್ತು. ಯಂತ್ರ ಚಾಲೂ ಆದಾಗಿನಿಂದ ತಾಪಮಾನ ಮೊದಲ ಸಲ ಸರಿಯಾದ ಮಟ್ಟಕ್ಕೆ ಬರುವ ತನಕ ಅಲಾರಾಂ ಸುಮ್ಮನಿರುತ್ತದೆ. ಒಮ್ಮೆ ಬಂದ ಮೇಲೆ ಇಳಿದರೆ ಕೂಗುತ್ತದೆ. ಬೆಳಗಿನ ಅರಚಾಟಕ್ಕೆ ಪೂರ್ತಿ ಔಷಧ ಅದೇ. 10ರ ಮಿತಿ ಇದ್ದಲ್ಲೇ ಇರಬಹುದಿತ್ತು. ಹಗಲು ಹೊತ್ತಿನ ಟುಕ್ ಟುಕ್ ಅಲಾರಾಂಗೆ ಹಿಸ್ಟರೆಸಿಸ್ ಇದೆ. ಕೂಗಿದ ಮೇಲೆ ಎರಡು ಮೂರು ಡಿಗ್ರಿ ಒಳಕ್ಕೆ ಬರುವವರೆಗೂ ಸ್ಥಿತಿ ಬದಲಾಗದಂತೆ ಇಡುವ ಅಂತರ ಅದು. ಗಡಿಯಲ್ಲಿ ತೂಗಾಡುವ ಅಂಕಿಗೆ ಪದೇ ಪದೇ ಬಡಿದುಕೊಳ್ಳುವುದು ನಿಲ್ಲುತ್ತದೆ. ಕೆಲವು ಸೆಕೆಂಡ್ ತಡೆದು ಕೂಗುವ ಹಾಗೂ ಮಾಡಬಹುದು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ‘ಲೂಪ್ ಬ್ರೇಕ್’ ಅಲಾರಾಂ ಬಗ್ಗೆ ಓದಿದಾಗ. ಹೀಟರ್‌ಗೆ ಪೂರ್ತಿ ಕರೆಂಟ್ ಕೊಟ್ಟು ಇಷ್ಟು ಹೊತ್ತಾದರೂ ಅಂಕಿ ಏರುತ್ತಿಲ್ಲ ಎಂದರೆ ಎಲ್ಲೋ ಎಡವಟ್ಟಾಗಿದೆ ಅಂತ ಅದು ಕೂಗುತ್ತದೆ. ಹೀಟರ್ ಸುಟ್ಟಿರಲಿ, ಥರ್ಮೊಕಪಲ್ ಜಾರಿರಲಿ. ನಮ್ಮ ಪ್ರಕರಣಕ್ಕೇ ಅಳತೆ ಕೊಟ್ಟು ಹೊಲಿಸಿದ ಅಂಗಿ. ಆರೂ ಕಂಟ್ರೋಲರ್‌ಗಳಲ್ಲಿ ಅದು ಆಫ್ ಆಗಿತ್ತು.

ಅಲಾರಾಂನಲ್ಲೂ ಎರಡು ಬಗೆ ಇವೆ ಅನ್ನುವುದು ಆವರೆಗೆ ನನಗೆ ಸರಿಯಾಗಿ ಹೊಳೆದಿರಲಿಲ್ಲ. ಸೆಟ್ ಅಂಕಿಯ ಜೊತೆಗೇ ಸರಿಯುವುದು ಒಂದು, ಏನೇ ಆದರೂ ಇದ್ದಲ್ಲೇ ಇರುವುದು ಇನ್ನೊಂದು. ಯಾರಾದರೂ ಕೈತಪ್ಪಿ 180ರ ಬದಲು 280 ಒತ್ತಿದರೆ ಮೊದಲನೆಯದು 280ರ ಪಕ್ಕಕ್ಕೆ ಹೋಗಿ ಆರಾಮಾಗಿ ಕೂರುತ್ತದೆ. ಎರಡನೆಯದು ಮಾತ್ರ ಹಿಡಿಯುತ್ತದೆ. ಎರಡೂ ಬೇಕು. ಇದರ ಮೇಲೆ, ಬೇರೆಯದೇ ಥರ್ಮೊಕಪಲ್ ಇರುವ, ಮಿತಿ ದಾಟಿದರೆ ಹೀಟರ್‌ನ ಕರೆಂಟನ್ನೇ ಕತ್ತರಿಸುವ ಇನ್ನೊಂದು ಪುಟ್ಟ ಪೆಟ್ಟಿಗೆ ಬೇಕು. ನೋಡುವ ಕಣ್ಣು ಒಂದೇ ಆಗಿದ್ದು ಅದೇ ಮಂಜಾದರೆ ಎಷ್ಟು ಅಲಾರಾಂ ಇದ್ದರೂ ಅಷ್ಟೇ.

ಇದನ್ನೆಲ್ಲ ಕೇಳಿದ ಗೆಳೆಯನೊಬ್ಬ, “ಹಂಗಾದ್ರ ಎಲ್ಲಾದಕ್ಕೂ ಒಂದೊಂದು ಅಲಾರಾಂ ಹಾಕಿಬಿಟ್ರ ಆತಲ್ಲ” ಅಂದ. ಇಲ್ಲ ಮಾರಾಯ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಯಿತು. ಅದಕ್ಕೂ ಮುಂಚಿನ ಸುಮಾರು 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಾಂ ಬಂದಿದ್ದವು. ಓದುವುದಿರಲಿ, ಎಣಿಸಲೂ ಆಗದು. ಆಮೇಲೆ 1999ರಲ್ಲಿ ಅಲ್ಲಿನ ಎಂಜಿನಿಯರಿಂಗ್ ಸಂಘಟನೆಯೊಂದು ಹೊರತಂದ ಮಾರ್ಗದರ್ಶಿಯಲ್ಲಿ, ಮಾಮೂಲಿ ದಿನದಲ್ಲಿ ಒಬ್ಬ ಆಪರೇಟರ್‌ಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಾಂ ಬರಬಾರದು ಅನ್ನುವ ಅಳತೆ ಬಂತು. ನಮ್ಮ ಪೈಪ್ ಯಂತ್ರ ಬೆಳಿಗ್ಗೆ ಒಂದೇ ಗಂಟೆಯಲ್ಲಿ ವಾರದ ಕೋಟಾ ಮುಗಿಸುತ್ತಿತ್ತು.

ಅಷ್ಟು ದೂರ ಯಾಕೆ, ಭೋಪಾಲ್ ಇದೆ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ. ಯೂನಿಯನ್ ಕಾರ್ಬೈಡ್‌ನ 610ನೇ ಟ್ಯಾಂಕಿನಲ್ಲಿದ್ದ ಮೀಥೈಲ್ ಐಸೊಸಯನೇಟ್ ಅನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿ ಇಡಬೇಕಿತ್ತು. ತಂಪು ಮಾಡುವ ಘಟಕವನ್ನು ಅದೇ ಜೂನ್‌ನಲ್ಲಿ ನಿಲ್ಲಿಸಲಾಗಿತ್ತು. ಹೆಚ್ಚಿನ ತಾಪಮಾನಕ್ಕೆ ಕೂಗಬೇಕಿದ್ದ ಅಲಾರಾಂನ ಮಿತಿ 11 ಡಿಗ್ರಿ. ತಂಪು ನಿಂತ ಮೇಲೆ ಟ್ಯಾಂಕ್ ಇರುತ್ತಿದ್ದದ್ದೇ ಅದಕ್ಕಿಂತ ಬಿಸಿಯಾಗಿ. ಆ ಅಲಾರಾಂ ಆ ರಾತ್ರಿ ಕೆಲಸದಲ್ಲಿ ಇರಲಿಲ್ಲ. ದುರಂತಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಕಾರಣಗಳ ಪಟ್ಟಿ ಉದ್ದವಿದೆ. ಆದರೆ ಈ ಸಾಲು ಓದಿದ ದಿನ ಆ ಹತ್ತು ಮತ್ತು ಅರವತ್ತು ನೆನಪಾಗಿ ನನಗೆ ಊಟ ಸೇರಲಿಲ್ಲ.

ನಮ್ಮ ಕಡೆಯ ಹುಡುಗ ಹುಡುಗಿಯರ ಕಣ್ಣು ದಾಂಡೇಲಿಯ ಕಾಗದ ಕಾರ್ಖಾನೆ, ಹಳಿಯಾಳದ ಸಕ್ಕರೆ ಕಾರ್ಖಾನೆ, ಇಲ್ಲವೇ ಹುಬ್ಬಳ್ಳಿ–ಧಾರವಾಡದ ಶೆಡ್‌ಗಳ ಮೇಲೆ. ದೊಡ್ಡ ಕಡೆ ಕಂಪ್ಯೂಟರ್ ಪರದೆ, ಸಣ್ಣ ಕಡೆ ಬೆಂಕಿಪೊಟ್ಟಣದಗಲದ ಪೆಟ್ಟಿಗೆ. ಕಟ್ಟಿಗೆಯ ತಿರುಳು ಬೇಯಿಸಲಿ, ಕಬ್ಬಿನ ರಸ ಕಾಯಿಸಲಿ, ಪ್ರಶ್ನೆ ಅದೇ. ನಮ್ಮ ಡಿಪ್ಲೊಮಾದಲ್ಲಿ ಪಿಐಡಿ ಸಮೀಕರಣ ಬಿಡಿಸಿದರೆ ಹತ್ತು ಅಂಕ. ‘ಈ ಯಂತ್ರಕ್ಕೆ ಅಲಾರಾಂ ಎಲ್ಲಿ ಕೂರಿಸುವೆ, ಯಾಕೆ, ಕೂಗಿದಾಗ ಯಾರು ಏನು ಮಾಡಬೇಕು’ ಅನ್ನುವ ಪ್ರಶ್ನೆಯನ್ನು ನಾನು ಮೂರು ವರ್ಷದಲ್ಲಿ ಒಂದು ಸಲವೂ ಕಾಣಲಿಲ್ಲ. ಲ್ಯಾಬಿನಲ್ಲಿ ಅದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಡ. ಒಂದು ಕಂಟ್ರೋಲರ್, ಒಂದು ಥರ್ಮೊಕಪಲ್, ಒಂದು ರಿಲೇ, ಒಂದು ಹೀಟರ್, ಒಂದು ಪಾತ್ರೆ ನೀರು ಸಾಕು. ಥರ್ಮೊಕಪಲ್ ಅನ್ನು ಬೇಕೆಂದೇ ನೀರಿನಿಂದ ಅರ್ಧ ಎಳೆದು, ಏನಾಗುತ್ತದೆ ನೋಡಿ ಅಂತ ಮಕ್ಕಳನ್ನು ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ಪಾಠ ಅದು. ನನಗೆ ಅದಕ್ಕೆ ಹದಿನೆಂಟು ದಿನ ಮತ್ತು ಕಾಕಾನ ಮೂರು ದಿನದ ಪಗಾರ ಹಿಡಿಯಿತು.

ಅಪ್ರೆಂಟಿಸ್ ಆದವನು ಹಿರಿಯರು ಹೇಳಿದ್ದಕ್ಕೆ ಇಲ್ಲ ಅನ್ನಲು ಆಗುತ್ತದೆಯೇ ಅಂತ ನೀವು ಕೇಳಬಹುದು. ಇಲ್ಲ ಅನ್ನುವುದು ಕಷ್ಟ, ನನಗೆ ಗೊತ್ತು. ಆದರೆ “ಸರ್, ಹತ್ತು ಯಾಕ ಇಟ್ಟಿದ್ರು?” ಅಂತ ಕೇಳಬಹುದಿತ್ತು. “ಹಳೇ ಅಂಕಿ, ಹೊಸ ಅಂಕಿ, ಕಾರಣ ಲಾಗ್ ಪುಸ್ತಕದಾಗ ಬರೀಲೇನ್ರಿ?” ಅನ್ನಬಹುದಿತ್ತು. ಬರೆಯಬೇಕಾದ ಜಾಗದಲ್ಲಿ ‘ತಲೆನೋವು’ ಅಂತ ಬರೆಯಲು ಯಾವ ಎಂಜಿನಿಯರ್‌ಗೂ ಪೆನ್ನು ಓಡುವುದಿಲ್ಲ.

ಹೋದ ತಿಂಗಳು ಬೆಳಗಾವಿ ಕಡೆಯ ಒಂದು ಕಾರ್ಖಾನೆಯ ಸಂದರ್ಶನಕ್ಕೆ ಹೋಗಿದ್ದೆ. ಆಟೊ ಟ್ಯೂನ್ ಹೇಗೆ ಮಾಡುತ್ತೀರಿ ಅಂತ ಕೇಳಿದರು, ಹೇಳಿದೆ. ಅಲಾರಾಂ ಪದೇ ಪದೇ ಬಂದರೆ ಏನು ಮಾಡುತ್ತೀರಿ ಅಂದರು. ಪೈಪ್ ಕಾರ್ಖಾನೆಯ ಕತೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಒಬ್ಬರು ನಕ್ಕರು, ಒಬ್ಬರು ಏನೋ ಬರೆದುಕೊಂಡರು. ಇನ್ನೂ ಕರೆ ಬಂದಿಲ್ಲ. ‘ಹಂಗ್ಯಾಕ ಹೇಳಾಕ ಹೋದಿ’ ಅಂತ ರೂಮಿನ ಗೆಳೆಯರು ಬೈದರು. ಮುಂದಿನ ಸಂದರ್ಶನದಲ್ಲಿ ಕೇಳಿದರೂ ಅದನ್ನೇ ಹೇಳುವವನಿದ್ದೇನೆ.

ಸದ್ಯ ಊರಲ್ಲೇ ಇದ್ದೇನೆ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಒಂದು ಹಳೆಯ ಕಂಟ್ರೋಲರ್ ತಂದು, ಹಿತ್ತಲಿನ ಕಟ್ಟೆಯ ಮೇಲೆ ಸ್ಟೀಲ್ ಪಾತ್ರೆ, ನೀರು ಕಾಯಿಸುವ ಕಾಯಿಲ್ ಇಟ್ಟು, ಅರ್ಥಿಂಗ್ ಸರಿಯಾಗಿ ಕೊಟ್ಟು, ಐಟಿಐ ಓದುವ ಪಕ್ಕದ ಮನೆಯ ಇಬ್ಬರು ಹುಡುಗರ ಜೊತೆ ಪ್ರಯೋಗ ನಡೆಸುತ್ತಿದ್ದೇನೆ. ಮೊನ್ನೆ ದೊಡ್ಡಪ್ಪ ಬಂದು ನೋಡುತ್ತ ನಿಂತರು. ಸೆಟ್ ಮಾಡಿದ್ದು 60, ಆಟೊ ಟ್ಯೂನ್ ಇನ್ನೂ ಮಾಡಿರಲಿಲ್ಲ. ಅಂಕಿ 60 ದಾಟಿ 67ಕ್ಕೆ ಹೋಗಿ ನಿಧಾನ ಇಳಿಯತೊಡಗಿತು. ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು ಹೇಳಿದರು: “ಬೆಂಕಿ ಹಾಕಾಕ ಬರತೈತಿ ನಿನ್ನ ಮಿಷನ್ನಿಗೆ. ಎಳ್ಯಾಕ ಇನ್ನಾ ಬರವಲ್ದು ನೋಡು.”